ಎತ್ತರದ ಗಾಡಿ, ಎರೆ ನೆಲದ ದಾರಿ

ಎಸ್‌ಯುವಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. ಬೊಲೆರೊ, ಸ್ಕಾರ್ಪಿಯೊ, ಥಾರ್, ನಮ್ಮ ಬಿಡದಿಯಲ್ಲೇ ತಯಾರಾಗುವ ಫಾರ್ಚೂನರ್ ಇವೆಲ್ಲ ಲಾರಿಯಲ್ಲಿರುವಂತೆ ಉಕ್ಕಿನ ಚಾಸಿ ಇಟ್ಟು, ಅದರ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಇವುಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಫೋರ್ ವೀಲ್ ಇದ್ದರೆ ಬೇಕಾದಾಗ ಮುಂದಿನವಕ್ಕೂ. ಕ್ರೆಟಾ, ನೆಕ್ಸಾನ್, ಬ್ರೆಝಾ, ಸೆಲ್ಟೋಸ್‌ಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಕಾರಿನಂತೆ ಮುಂದಿನ ಚಕ್ರಗಳೇ ಎಳೆಯುತ್ತವೆ. ಎರಡೂ ಎತ್ತರ, ಎರಡಕ್ಕೂ ದೊಡ್ಡ ಟೈರು, ದೊಡ್ಡ ಮೂತಿ. ಆದರೆ ಕೆಸರಿನಲ್ಲಿ, ತಿರುವಿನಲ್ಲಿ, ಭಾರ ಹೊತ್ತಾಗ ಅವು ನಡೆದುಕೊಳ್ಳುವ ರೀತಿ ಬೇರೆ ಬೇರೆ. ತಮ್ಮ ಗಾಡಿ ಯಾವ ಜಾತಿಯದು ಎಂಬುದು ಅದನ್ನು ಓಡಿಸುವವರಿಗೆ ಮೊದಲು ಗೊತ್ತಿರಬೇಕು.

ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಸುತ್ತಮುತ್ತ ಈ ವ್ಯತ್ಯಾಸ ಬೇಗ ಬಯಲಾಗುತ್ತದೆ. ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿಗೆ ಸೇರಿರುವ ಈ ಊರಿನದು ಹೆಚ್ಚಾಗಿ ಮಳೆಯಾಶ್ರಿತ ಎರೆ ಭೂಮಿ; ಹತ್ತಿ, ತೊಗರಿ, ಜೋಳದ ನಾಡು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ರೈತರು ಧರಣಿ ಕೂತದ್ದೂ ಇಲ್ಲೇ. ದಕ್ಷಿಣಕ್ಕೆ ಸಿಂಧನೂರಿನ ಕಡೆ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಕಾಲುವೆಯ ಏರಿಯ ಮೇಲಿನ ದಾರಿ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿಕೊಂಡು ಬಳ್ಳಾರಿಯತ್ತ ಸಾಗುವುದು ರಾಷ್ಟ್ರೀಯ ಹೆದ್ದಾರಿ 150ಎ. ಅಂದರೆ ಒಂದೇ ಗಾಡಿ ಒಂದೇ ದಿನ ಹೆದ್ದಾರಿಯ ವೇಗವನ್ನೂ ಹೊಲದ ಬಂಡಿ ದಾರಿಯನ್ನೂ ಕಾಲುವೆ ಏರಿಯನ್ನೂ ಕಾಣಬೇಕು. ಮದುವೆ, ಜಾತ್ರೆಗೆ ಜನರನ್ನು ತುಂಬಿಕೊಂಡು ಹೋಗುವ ಕ್ರೂಸರ್ ಈ ಭಾಗದ ಹಳೆಯ ಒಡನಾಡಿ. 2000ದಲ್ಲಿ ಬಂದ ಬೊಲೆರೊ, 2002ರಲ್ಲಿ ಬಂದ ಸ್ಕಾರ್ಪಿಯೊ ಅದರ ಜತೆ ಸೇರಿಕೊಂಡವು. ಈಗಿನ ಗಾಡಿಗಳಲ್ಲಿ ಗುಂಡಿ, ದೀಪ, ಸೆನ್ಸರುಗಳ ಸಂಖ್ಯೆ ಬೆಳೆದಿದೆ; ಷೋರೂಮಿನವರು ಕೀಲಿ ಕೊಡುವ ದಿನ ಅವಸರದಲ್ಲಿ ಹೇಳಿದ್ದರ ಆಚೆಗೆ ಅವುಗಳ ಬಗ್ಗೆ ತಿಳಿದುಕೊಳ್ಳುವವರು ಕಡಿಮೆ.

ಎಲ್ಲವೂ ಶುರುವಾಗುವುದು ಸೀಟಿನಿಂದ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಬೆನ್ನು ಸೀಟಿಗೆ ತಾಗಿದ್ದಂತೆಯೇ ಮಣಿಕಟ್ಟು ಸ್ಟೇರಿಂಗಿನ ಮೇಲ್ಭಾಗವನ್ನು ಮುಟ್ಟಬೇಕು. ಎದೆಗೂ ಸ್ಟೇರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್, ಎಂದರೆ ಒಂದು ಗೇಣಿಗಿಂತ ಹೆಚ್ಚು ಜಾಗ ಬೇಕು. ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಬೇಕಾಗುವ ಜಾಗ ಅದು. ತಲೆಯ ಹಿಂದಿನ ಹೆಡ್‌ರೆಸ್ಟ್ ಇರುವುದು ಒರಗಿ ನಿದ್ದೆ ಮಾಡಲಿಕ್ಕಲ್ಲ. ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿದಾಗ ಕತ್ತು ಹಿಂದಕ್ಕೆ ಮುರಿಯದಂತೆ ತಡೆಯುವುದು ಅದರ ಕೆಲಸ. ಅದರ ನಡುಭಾಗ ಕಿವಿಯ ಎತ್ತರಕ್ಕಿರಬೇಕು. ಎತ್ತರದ ಗಾಡಿಯಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಬಾನೆಟ್ಟಿನ ಮುಂದೆ ನಿಂತ ಮೂರು ವರ್ಷದ ಮಗು, ಹಿಂದಿನ ಬಂಪರಿನ ಬಳಿ ಕೂತ ಕರು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯಂಗಳದಲ್ಲೇ ಗಾಡಿ ನಿಲ್ಲಿಸುವ ಊರುಗಳಲ್ಲಿ ಹತ್ತುವ ಮೊದಲು ಒಂದು ಸುತ್ತು ಹಾಕಿ ನೋಡುವುದು ಅದಕ್ಕಾಗಿ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ, ನಿಜ. ಆದರೆ ಸೆನ್ಸರಿಗೆ ಎರೆ ಮಣ್ಣು ಮೆತ್ತಿಕೊಂಡಿದ್ದರೆ ಅದು ಇದ್ದೂ ಇಲ್ಲದಂತೆ.

ಕೀಲಿ ತಿರುಗಿಸಿದಾಗ ಮೀಟರ್ ಬೋರ್ಡಿನಲ್ಲಿ ದೀಪಗಳೆಲ್ಲ ಒಮ್ಮೆ ಹೊತ್ತಿ ಆರುತ್ತವೆ. ಗಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಗಳಿಗೆ ಅದು. ಯಾವುದು ಹೊತ್ತಲೇ ಇಲ್ಲ, ಯಾವುದು ಆರಲಿಲ್ಲ ಎಂಬುದನ್ನು ಗಮನಿಸಬೇಕು. ಕೆಂಪು ದೀಪ ಉಳಿದರೆ ಗಾಡಿ ನಿಲ್ಲಿಸುವ ವಿಷಯ: ಆಯಿಲ್ ಒತ್ತಡ, ಎಂಜಿನ್ ಬಿಸಿ, ಬ್ರೇಕ್ ಆಯಿಲ್. ಹಳದಿಯದು ತಡಮಾಡದೆ ತೋರಿಸಬೇಕಾದದ್ದು: ಎಬಿಎಸ್, ಎಂಜಿನ್, ಟೈರಿನ ಗಾಳಿ. ಏರ್‌ಬ್ಯಾಗಿನ ದೀಪ ಆರದೆ ಉಳಿದಿದ್ದರೆ ಅಪಘಾತದ ಹೊತ್ತಿಗೆ ಬ್ಯಾಗು ಬಿಚ್ಚಿಕೊಳ್ಳದೆ ಹೋಗಬಹುದು; ಗಾಡಿ ಮಾತ್ರ ಎಂದಿನಂತೆ ಓಡುತ್ತಿರುವುದರಿಂದ ತಿಂಗಳುಗಟ್ಟಲೆ ಅದನ್ನು ಹಾಗೇ ಬಿಡುವವರಿದ್ದಾರೆ. ವೇಗ 80 ದಾಟಿದಾಗ ಆಗಾಗ, 120 ದಾಟಿದಾಗ ಎಡೆಬಿಡದೆ ಬರುವ ಬೀಪ್ ಸದ್ದೂ 2019ರ ಅದೇ ನಿಯಮದ ಭಾಗ.

ಗುಂಡಿ ಒತ್ತಿ ಚಾಲೂ ಮಾಡುವ ಗಾಡಿಗಳಲ್ಲಿ ಕ್ಲಚ್ಚನ್ನೋ ಬ್ರೇಕನ್ನೋ ತುಳಿದಿರದಿದ್ದರೆ ಎಂಜಿನ್ ಏಳುವುದಿಲ್ಲ. ಓಡುತ್ತಿರುವಾಗ ಎಕ್ಸಲರೇಟರ್ ಸಿಕ್ಕಿಹಾಕಿಕೊಂಡಂಥ ಆಪತ್ತು ಬಂದರೆ ಅದೇ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಎಂಜಿನ್ ನಿಲ್ಲುತ್ತದೆ. ಆಗ ಬ್ರೇಕು, ಸ್ಟೇರಿಂಗು ಗಟ್ಟಿಯಾಗುತ್ತವೆಯೇ ಹೊರತು ಕೈಕೊಡುವುದಿಲ್ಲ. ಆಟೊಮ್ಯಾಟಿಕ್ ಗೇರಿನಲ್ಲಿ ಎಡಗಾಲಿಗೆ ಕೆಲಸವಿಲ್ಲ. ಮ್ಯಾನ್ಯುವಲ್ ಗಾಡಿಯ ರೂಢಿಯಿಂದ ಎಡಗಾಲು ಕ್ಲಚ್ಚೆಂದು ಬ್ರೇಕನ್ನು ಬಲವಾಗಿ ತುಳಿದು, ಹಿಂದೆ ಬರುವವರು ಬಂದು ಗುದ್ದುವುದುಂಟು. ಪಿ ಗೇರಿಗೆ ಹಾಕುವ ಮೊದಲು ಹ್ಯಾಂಡ್ ಬ್ರೇಕ್ ಎಳೆಯಬೇಕು. ಇಲ್ಲದಿದ್ದರೆ ಗಾಡಿಯ ಅಷ್ಟೂ ಭಾರ ಗೇರುಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.

ರಾತ್ರಿಯ ದೀಪದ ಮಾತು ಇಲ್ಲಿ ಹೆಚ್ಚು ಬೇಕಾದದ್ದು. ಸುಗ್ಗಿಯಲ್ಲಿ ಭತ್ತ, ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ಟ್ರೇಲರುಗಳು ಹಿಂದೆ ಕೆಂಪು ದೀಪವಿಲ್ಲದೆ, ರಿಫ್ಲೆಕ್ಟರ್ ಇದ್ದರೂ ಧೂಳು ಮುಚ್ಚಿಕೊಂಡು ಹೋಗುತ್ತಿರುತ್ತವೆ. ಡಿಪ್ಪಿನಲ್ಲಿ ಹೆಡ್‌ಲೈಟ್ ಸ್ಪಷ್ಟವಾಗಿ ತೋರಿಸುವುದು ಹೆಚ್ಚೆಂದರೆ 50–60 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು, ಒಂದೂವರೆ ಸೆಕೆಂಡು ಕಳೆದಿರುತ್ತದೆ. ಆಮೇಲೆ ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ 30 ಮೀಟರಿಗಿಂತ ಹೆಚ್ಚು ಬೇಕು. ಲೆಕ್ಕ ಕೂಡಿದರೆ ಡಿಪ್ಪಿನಲ್ಲಿ 80ರ ವೇಗ ಎಂದರೆ ಕಾಣದ ಜಾಗಕ್ಕೆ ನುಗ್ಗಿದ ಹಾಗೆಯೇ. ಎದುರಿಗೆ ಯಾರೂ ಇಲ್ಲದಾಗ ಹೈಬೀಮ್, ಬಂದಾಗ ಡಿಪ್, ಡಿಪ್ಪಿನಲ್ಲಿದ್ದಷ್ಟೂ ಹೊತ್ತು ವೇಗ ಕಡಿಮೆ. ಸ್ಟೇರಿಂಗಿನ ಬಲಗಡೆ ಕೆಳಗೆ ಸೊನ್ನೆಯಿಂದ ಮೂರೋ ನಾಲ್ಕೋ ಅಂಕಿಯಿರುವ ಒಂದು ಪುಟ್ಟ ಚಕ್ರ ಹಲವು ಗಾಡಿಗಳಲ್ಲಿದೆ. ಹಿಂದೆ ಮಂದಿ, ಮೂಟೆ ತುಂಬಿದಾಗ ಮೂತಿ ಮೇಲೆದ್ದು ಡಿಪ್ ಬೆಳಕೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆ ಚಕ್ರ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಹತ್ತು ವರ್ಷ ಗಾಡಿ ಓಡಿಸಿಯೂ ಅದನ್ನು ಮುಟ್ಟದವರೇ ಜಾಸ್ತಿ. ಇನ್ನು ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಸರ್ಕಲ್ಲಿನಲ್ಲಿ ನೇರ ಹೋಗುವ ಅಭ್ಯಾಸ. ಪಕ್ಕದಿಂದ ಬರುವವನಿಗೆ ಅದರಲ್ಲಿ ಒಂದು ಕಡೆಯ ದೀಪ ಮಾತ್ರ ಕಾಣುತ್ತದೆ, ಗಾಡಿ ತಿರುಗುತ್ತದೆಂದೇ ಅವನು ತಿಳಿಯುತ್ತಾನೆ. ಆ ಗುಂಡಿ ಇರುವುದು ಗಾಡಿ ಕೆಟ್ಟು ನಿಂತಾಗ ಬಳಸಲಿಕ್ಕೆ.

ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆಂದಾಗ ಉಬ್ಬುತ್ತದೆ. ಅದರೊಳಗಿನ ಜೇಡಿಯ ಗುಣ ಅದು. ಒಂದು ಹದ ಮಳೆ ಬಿದ್ದ ಮೇಲೆ ಬಂಡಿ ದಾರಿಗಿಳಿದ ಟೈರಿನ ಗೀರುಗಳೆಲ್ಲ ಮಣ್ಣಿನಿಂದ ತುಂಬಿ ಟೈರು ನುಣ್ಣಗಾಗುತ್ತದೆ. ಆಮೇಲೆ ಅದು ಉರುಳುವುದಕ್ಕಿಂತ ಜಾರುವುದೇ ಹೆಚ್ಚು. ಎರಡು ಚಕ್ರದ ಬಲದ ಗಾಡಿ ಎಷ್ಟೇ ಎತ್ತರವಿರಲಿ ಇಲ್ಲಿ ಸೋಲುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಗೇರಿನ ಪಕ್ಕ ಇನ್ನೊಂದು ಸಣ್ಣ ಗೇರೋ ತಿರುಗಿಸುವ ಗುಂಡಿಯೋ ಇರುತ್ತದೆ: 2ಎಚ್, 4ಎಚ್, 4ಎಲ್. ಡಾಂಬರಿನ ಮೇಲೆ 2ಎಚ್. ಕೆಸರಿಗೆ ಇಳಿಯುವ ಮುಂಚೆಯೇ, ಸಿಕ್ಕಿಕೊಂಡ ಮೇಲಲ್ಲ, 4ಎಚ್. ತೀರಾ ಆಳದ ಕೆಸರು, ಹಳ್ಳದ ಕಡಿದಾದ ದಂಡೆ ಇದ್ದರೆ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು 4ಎಲ್. ಇದರಲ್ಲಿ ಚಕ್ರಕ್ಕೆ ಸಿಗುವ ತಿರುಗುಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಇಳಿಯುತ್ತದೆ.

ಕೆಸರು ದಾಟಿ ಡಾಂಬರಿಗೆ ಬಂದ ಮೇಲೆ ವಾಪಸ್ 2ಎಚ್‌ಗೆ ಹಾಕದಿದ್ದರೆ ಗಾಡಿಗೇ ಪೆಟ್ಟು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಹಲವು ಗಾಡಿಗಳ ಫೋರ್ ವೀಲ್ ಏರ್ಪಾಟು ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಕೆಸರಿನಲ್ಲಿ ಚಕ್ರ ಒಂದಿಷ್ಟು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲದೆ ಸ್ಟೇರಿಂಗ್ ಬಿಗಿಯಾಗುತ್ತದೆ, ಟೈರು ಸವೆಯುತ್ತದೆ, ಒಳಗಿನ ಗೇರುಗಳು ಬಡಿದುಕೊಳ್ಳುತ್ತವೆ.

ಸಿಕ್ಕಿಕೊಂಡ ಗಾಡಿಯ ಎಕ್ಸಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎರಡು ಸಲ ಪ್ರಯತ್ನಿಸಿ ಬಾರದಿದ್ದರೆ ಇಳಿದು, ಚಕ್ರದ ಮುಂದಿನ ಮಣ್ಣು ಕೆರೆದು, ಗೋಣಿಚೀಲವನ್ನೋ ಚಪ್ಪಟೆ ಕಲ್ಲನ್ನೋ ಹಾಕುವುದು ಮೇಲು. ತೊಗರಿ ಕಟ್ಟಿಗೆ ಕೈಗೆ ಸಿಗುತ್ತದೆಂದು ಹಾಸಿದರೆ ಅದರ ಚೂಪು ತುದಿ ಟೈರಿನ ಪಕ್ಕವನ್ನು ಸೀಳಬಹುದು. ಕೊಯ್ದ ಹೊಲದ ಹತ್ತಿ, ತೊಗರಿ ಕೂಳೆಯೂ ಅಷ್ಟೇ. ಟೈರಿನ ಗಾಳಿ ಒಂದಿಷ್ಟು ಬಿಟ್ಟರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಆದರೆ ರಸ್ತೆಗೆ ಬಂದ ಕೂಡಲೆ ಮತ್ತೆ ತುಂಬಿಸದೆ ವೇಗವಾಗಿ ಓಡಿಸಿದರೆ, ಅದರಲ್ಲೂ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ, ಟೈರು ಬಿಸಿಯಾಗಿ ಒಡೆಯುತ್ತದೆ. ಟ್ರ್ಯಾಕ್ಟರಿನಿಂದ ಎಳೆಸುವಾಗ ಹಗ್ಗವನ್ನು ಬಂಪರಿಗೆ ಕಟ್ಟಬಾರದು. ಟೂಲ್ ಕಿಟ್ಟಿನಲ್ಲಿ ಬರುವ ಕಬ್ಬಿಣದ ಕೊಕ್ಕೆಯನ್ನು ತಿರುಗಿಸಿ ಕೂರಿಸಲು ಬಂಪರಿನಲ್ಲೇ ಒಂದು ಮುಚ್ಚಳದ ಹಿಂದೆ ಜಾಗವಿರುತ್ತದೆ.

ಬ್ರೇಕಿನ ವಿಷಯದಲ್ಲಿ ಹಳೆಯ ಚಾಲಕರ ಪಾಠ ಈಗಿನ ಗಾಡಿಗೆ ಹೊಂದುವುದಿಲ್ಲ. ಹಳೆಯ ಜೀಪಿನಲ್ಲಿ ಚಕ್ರ ಲಾಕ್ ಆಗದಿರಲೆಂದು ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯುತ್ತಿದ್ದರು. ಎಬಿಎಸ್ ಆ ಕೆಲಸವನ್ನು ಸೆಕೆಂಡಿಗೆ ಹಲವು ಬಾರಿ ತಾನೇ ಮಾಡುತ್ತದೆ. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಕಾರಿಗೆ ಕೊಟ್ಟ ಈ ಏರ್ಪಾಟು 2019ರ ಏಪ್ರಿಲಿನಿಂದ ಭಾರತದ ಎಲ್ಲ ಹೊಸ ಕಾರುಗಳಲ್ಲಿದೆ. ಆಪತ್ತಿನಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಹಾಗೇ ಹಿಡಿದಿರಬೇಕು. ಕಾಲಡಿಯಲ್ಲಿ ಕಟಕಟ ಅದುರಿದರೆ ಹೆದರಿ ಕಾಲು ತೆಗೆಯಬಾರದು. ಅದು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಎಬಿಎಸ್‌ನ ದೊಡ್ಡ ಲಾಭ ಬ್ರೇಕ್ ಹಿಡಿದುಕೊಂಡೇ ಸ್ಟೇರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಬಹುದು ಎಂಬುದು. ಮರಳು, ಕಂಕರ್ ಮೇಲೆ ಗಾಡಿ ನಿಲ್ಲುವ ದೂರ ಅದರಿಂದ ತುಸು ಹೆಚ್ಚಾಗುವುದೂ ಉಂಟು.

ಎತ್ತರದ ಗಾಡಿಗೆ ಎಬಿಎಸ್‌ಗಿಂತಲೂ ಬೇಕಾದದ್ದು ಇಎಸ್‌ಸಿ. ಗಾಡಿ ಸ್ಟೇರಿಂಗ್ ಹೇಳಿದ ಕಡೆ ಹೋಗುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. ಹೋಗದಿದ್ದರೆ ಯಾವುದಾದರೂ ಒಂದೇ ಚಕ್ರದ ಬ್ರೇಕ್ ಹಿಡಿದು ದಾರಿಗೆ ತರುತ್ತದೆ. ಇದು ಬಂದದ್ದು 1995ರಲ್ಲಿ, ದುಬಾರಿ ಕಾರುಗಳಿಗೆ. 1997ರಲ್ಲಿ ಸ್ವೀಡನ್ನಿನಲ್ಲಿ ಪತ್ರಕರ್ತರು ನಡೆಸಿದ ಪರೀಕ್ಷೆಯಲ್ಲಿ ಎತ್ತರದ ಸಣ್ಣ ಮರ್ಸಿಡಿಸ್ ಕಾರು ದಿಢೀರ್ ತಿರುವಿನಲ್ಲಿ ಮಗುಚಿಬಿತ್ತು. ಆಮೇಲೆ ಕಂಪನಿ ಆ ಮಾದರಿಗೆಲ್ಲ ಇದನ್ನು ಅಳವಡಿಸಬೇಕಾಯಿತು. ಭಾರ ಮೇಲಿದ್ದಷ್ಟೂ ಗಾಡಿ ಮಗುಚುವುದು ಸುಲಭ. ಮೇಲಿನ ಕ್ಯಾರಿಯರಿಗೆ ಮೂಟೆ ಹೇರಿದರೆ ಇನ್ನೂ ಸುಲಭ.

ಎರೆ ಸೀಮೆಯ ರಸ್ತೆಗಳನ್ನು ಏರಿಸಿ ಕಟ್ಟಿರುತ್ತಾರೆ, ಅಂಚಿನ ಮಣ್ಣು ಮಳೆಗೆ ಕುಸಿದು ಡಾಂಬರಿಗಿಂತ ಗೇಣುದ್ದ ಕೆಳಗಿರುತ್ತದೆ. ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ಎಡಗಡೆಯ ಚಕ್ರಗಳು ಕೆಳಗಿಳಿದಾಗ ಚಾಲಕ ಗಾಬರಿಯಿಂದ ಬಲಕ್ಕೆ ಎಳೆಯುತ್ತಾನೆ. ಚಕ್ರ ಅಂಚಿಗೆ ಒರೆಸಿಕೊಂಡು ತಡೆದು ನಿಂತು, ಒಮ್ಮೆಲೇ ಹತ್ತಿಬಿಡುತ್ತದೆ. ಸ್ಟೇರಿಂಗ್ ಇನ್ನೂ ಬಲಕ್ಕೇ ತಿರುಗಿರುವುದರಿಂದ ಗಾಡಿ ಎದುರಿನ ಸಾಲಿಗೆ ನುಗ್ಗುತ್ತದೆ, ಇಲ್ಲವೇ ಪಲ್ಟಿಯಾಗುತ್ತದೆ. ಮಾಡಬೇಕಾದದ್ದು ಇಷ್ಟು: ಸ್ಟೇರಿಂಗನ್ನು ನೇರ ಹಿಡಿದು, ಎಕ್ಸಲರೇಟರಿನಿಂದ ಕಾಲು ತೆಗೆದು, ಎರಡು ಚಕ್ರ ಮಣ್ಣಿನಲ್ಲೇ ಇರಲಿ ಎಂದು ಬಿಟ್ಟು, ವೇಗ ಚೆನ್ನಾಗಿ ಇಳಿದ ಮೇಲೆ ನಿಧಾನವಾಗಿ ಹತ್ತಿಸುವುದು. ಇಎಸ್‌ಸಿ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಅಂಚಿನ ಕಲ್ಲಿಗೆ ತಡೆದು ಹಾರಿದ ಗಾಡಿಯನ್ನು ಅದೂ ಹಿಡಿಯಲಾರದು. ಕೆಸರಿನಿಂದ ಗಾಡಿ ಎಬ್ಬಿಸಲು ಇದನ್ನು ಆಫ್ ಮಾಡುವುದುಂಟು, ಏಕೆಂದರೆ ಚಕ್ರ ಸುತ್ತಿದರೆ ಸಾಕು ಅದು ಎಂಜಿನ್ನಿನ ಬಲ ಕಡಿಮೆ ಮಾಡುತ್ತದೆ. ರಸ್ತೆಗೆ ಬಂದ ಮೇಲೆ ಮತ್ತೆ ಆನ್ ಆಗಿದೆಯೇ ಎಂದು ನೋಡುವುದು ಚಾಲಕನ ಹೊಣೆ.

ಇಷ್ಟೆಲ್ಲ ಮೀರಿ ಗಾಡಿ ಗುದ್ದಿದರೆ ಉಳಿಯುವುದು ಬೆಲ್ಟು. ಮೂರು ಕಡೆ ಹಿಡಿಯುವ ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೊಲಿನ್ ರೂಪಿಸಿದ್ದು 1959ರಲ್ಲಿ. ಈಗಿನ ಏರ್‌ಬ್ಯಾಗುಗಳು ಬೆಲ್ಟು ಇದೆ ಎಂದು ಭಾವಿಸಿಯೇ ತಯಾರಾದವು. ಗುದ್ದಿದ ಕ್ಷಣ ಏರ್‌ಬ್ಯಾಗು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 30 ಭಾಗದಷ್ಟು ಹೊತ್ತಿನಲ್ಲಿ ಉಬ್ಬುತ್ತದೆ. ಬೆಲ್ಟು ಹಾಕಿದವನು ಉಬ್ಬಿ ನಿಂತ ಚೀಲಕ್ಕೆ ಬಂದು ತಾಗುತ್ತಾನೆ. ಹಾಕದವನು ಮೊದಲೇ ಮುಂದಕ್ಕೆ ಬಿದ್ದು, ಅದು ಉಬ್ಬುತ್ತಿರುವಾಗಲೇ ಎದುರಾಗುತ್ತಾನೆ. ಆಗ ಕಾಯಬೇಕಾದ ಚೀಲವೇ ಹೊಡೆಯುತ್ತದೆ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲಿರಬೇಕು. ಗರ್ಭಿಣಿಯರಿಗೂ ಹೀಗೆಯೇ, ಹೊಟ್ಟೆಯ ಕೆಳಗೆ. ಹಿಂದಿನ ಸೀಟಿಗೆ ಬೆಲ್ಟು ಬೇಡ ಎನ್ನುವವರು 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ದುಬಾರಿ ಮರ್ಸಿಡಿಸ್ಸಿನ ಹಿಂದಿನ ಸೀಟಿನಲ್ಲೇ ಸತ್ತದ್ದನ್ನು ನೆನೆಯಬಹುದು. ಹಿಂದೆ ಬೆಲ್ಟಿಲ್ಲದೆ ಕೂತವರು ತಾವು ಸಾಯುವುದಷ್ಟೇ ಅಲ್ಲ, ಮುಂದಿನವರ ಮೇಲೆ ಬಂದು ಬಿದ್ದು ಅವರನ್ನೂ ಕೊಲ್ಲಬಲ್ಲರು.

ಬೆಲ್ಟು ಹಾಕದಿದ್ದಾಗ ಬರುವ ಬೀಪ್ ಸದ್ದು ತಪ್ಪಿಸಲು ಬಕಲ್ಲಿಗೆ ಸಿಗಿಸುವ ಪುಟ್ಟ ಕ್ಲಿಪ್ಪುಗಳು ಆನ್‌ಲೈನ್ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅವನ್ನು ತೆಗೆಯಲು ಐದು ಕಂಪನಿಗಳಿಗೆ ಆದೇಶಿಸಿತು. ಮುಂದೆ ಹಾಕಿಸುವ ಉಕ್ಕಿನ ಗಾರ್ಡಿನದೂ ಇದೇ ಕಥೆ. ಗಾಡಿಯ ಮೂತಿಯನ್ನು ಗುದ್ದಿದಾಗ ಹಂತಹಂತವಾಗಿ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗುವಂತೆ ಕಟ್ಟಿರುತ್ತಾರೆ, ಏರ್‌ಬ್ಯಾಗಿನ ಸೆನ್ಸರುಗಳನ್ನೂ ಆ ಲೆಕ್ಕಕ್ಕೇ ಹೊಂದಿಸಿರುತ್ತಾರೆ. ಗಾರ್ಡು ಆ ಲೆಕ್ಕ ಕೆಡಿಸಿ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ, ಅಡ್ಡ ಸಿಕ್ಕ ಪಾದಚಾರಿಯ ಎಲುಬನ್ನೂ ಮುರಿಯುತ್ತದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದು ಕಾನೂನುಬಾಹಿರ ಎಂದು ರಾಜ್ಯಗಳಿಗೆ ತಿಳಿಸಿದೆ. ಆದರೂ ಹೊಸ ಸ್ಕಾರ್ಪಿಯೊ ಮನೆಗೆ ಬಂದ ವಾರದಲ್ಲೇ ಗಾರ್ಡು ಹತ್ತುವುದುಂಟು; ಅದು ಸುರಕ್ಷತೆಗಲ್ಲ, ಗತ್ತಿಗೆ. ಸೀಟಿನ ಪಕ್ಕದಲ್ಲೇ ಸೈಡ್ ಏರ್‌ಬ್ಯಾಗ್ ಇರುವ ಗಾಡಿಗೆ ದಪ್ಪ ರೆಕ್ಸಿನ್ ಕವರ್ ಹೊಲಿಸಿದರೆ ಆ ಬ್ಯಾಗಿನ ದಾರಿಯನ್ನೇ ಮುಚ್ಚಿದಂತೆ.

ಗಾಡಿಯ ಹೆಸರು ಒಂದೇ ಇದ್ದರೂ ಒಳಗಿನ ಗಟ್ಟಿತನ ಒಂದೇ ಅಲ್ಲ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗುದ್ದಿಸಿ ನೋಡಿದ ಏರ್‌ಬ್ಯಾಗಿಲ್ಲದ ಸ್ಕಾರ್ಪಿಯೊಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. 2022ರಲ್ಲಿ ಸ್ಕಾರ್ಪಿಯೊ–ಎನ್‌ಗೆ ಐದು. ಆದರೆ ಅದೇ ಗಾಡಿಗೆ ಮಕ್ಕಳ ರಕ್ಷಣೆಯಲ್ಲಿ ಸಿಕ್ಕಿದ್ದು ಮೂರು ಮಾತ್ರ. ಭಾರತದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಬಣ್ಣ, ಟೈರು ನೋಡುವ ಜತೆಗೆ ತಯಾರಾದ ವರ್ಷ ನೋಡಬೇಕಾದದ್ದು ಇದಕ್ಕೇ. ಮಕ್ಕಳನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ಮುದ್ದಿನ ಭಾಗ. ಗುದ್ದಿದಾಗ ಹತ್ತು ಕಿಲೋ ಮಗುವನ್ನು ಯಾವ ತಾಯಿಯ ತೋಳೂ ಹಿಡಿಯಲಾರದು. ಹಿಂಬದಿಗೆ ಮುಖ ಮಾಡಿದ ಮಕ್ಕಳ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗಂತೂ ಕಟ್ಟಲೇಬಾರದು. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿದ್ದರೆ ಓಡುವ ಗಾಡಿಯ ಬಾಗಿಲನ್ನು ಮಗು ಒಳಗಿನಿಂದ ತೆರೆಯಲಾರದು.

ಈಚೆಗೆ ಎಕ್ಸ್‌ಯುವಿ 700ರಂಥ ಗಾಡಿಗಳಲ್ಲಿ ಕ್ಯಾಮೆರಾ, ರೇಡಾರ್ ಇಟ್ಟು ತಾನೇ ಬ್ರೇಕ್ ಹಿಡಿಯುವ, ಗೆರೆ ದಾಟದಂತೆ ಸ್ಟೇರಿಂಗ್ ತಿದ್ದುವ ಎಡಾಸ್ ಬಂದಿದೆ. ಬಿಳಿ ಗೆರೆಯಿಲ್ಲದ ರಸ್ತೆಯಲ್ಲಿ ಗೆರೆ ಹಿಡಿಯುವ ಏರ್ಪಾಟಿಗೆ ಕೆಲಸವಿಲ್ಲ. ಧೂಳು, ದೀಪವಿಲ್ಲದ ಎತ್ತಿನ ಬಂಡಿ, ಅಡ್ಡ ನುಗ್ಗುವ ಕುರಿ ಹಿಂಡುಗಳನ್ನು ಅದು ಗುರುತಿಸಿಯೇ ತೀರುತ್ತದೆ ಎಂದು ನಂಬಿ ಓಡಿಸುವಂತಿಲ್ಲ.

ಒಕ್ಕಣೆಯ ದಿನಗಳಲ್ಲಿ ಇನ್ನೊಂದು ಅಪಾಯ. ಕಣದ ಬದಲು ರಸ್ತೆಯ ಮೇಲೆ ತೊಗರಿ, ಹುರುಳಿ, ಜೋಳ ಹಾಸುತ್ತಾರೆ, ಗಾಡಿಗಳು ತುಳಿದು ಕಾಳು ಉದುರಲೆಂದು. ಒಣ ಹೊಟ್ಟು, ಬಳ್ಳಿ ಗಾಡಿಯಡಿ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿ ಇಡೀ ಕಾರು ಸುಟ್ಟ ಘಟನೆಗಳು ರಾಜ್ಯದಲ್ಲಿ ಆಗಿವೆ. 2020ರ ಏಪ್ರಿಲಿನಿಂದ ಬಂದ ಬಿಎಸ್–6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಸೋಸುಕ ಇದೆ; ಅದು ಕೂಡಿಟ್ಟ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿಯಲ್ಲಿ ಸುಟ್ಟುಹಾಕುತ್ತದೆ. ಅಂಥ ಗಾಡಿಯನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಲೇಬಾರದು. ರಾಶಿ ದಾಟಲೇಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ಅಡಿಯಲ್ಲಿ ನೋಡುವುದು ಒಳ್ಳೆಯದು. ಇದೇ ಬಿಎಸ್–6ರ ಕೆಲವು ಡೀಸೆಲ್ ಗಾಡಿಗಳು ಹೊಗೆ ಶುದ್ಧಿಗೆ ಕೇಳುವ ಯೂರಿಯಾ ದ್ರಾವಣ ಶೇ 32.5ರಷ್ಟು ಶುದ್ಧ ಯೂರಿಯಾ ಇರುವಂಥದು. ಹೊಲಕ್ಕೆಸೆಯುವ ಯೂರಿಯಾ ಕರಗಿಸಿ ಹಾಕಿದರೆ ಆ ಏರ್ಪಾಟೇ ಹಾಳು.

ಸಿಂಧನೂರಿನ ಕಡೆಯ ಕಾಲುವೆ ಏರಿಯಲ್ಲಿ ಗಾಡಿ ನೀರಿಗೆ ಬಿದ್ದರೆ ಸಿಗುವುದು ಒಂದೆರಡು ನಿಮಿಷವಷ್ಟೆ. ಫೋನ್ ಹುಡುಕುತ್ತ ಕೂರದೆ ಬೆಲ್ಟು ಬಿಚ್ಚಿ, ಪವರ್ ವಿಂಡೋ ಇನ್ನೂ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಬೇಕು. ನೀರು ಹೊರಗಿನಿಂದ ಒತ್ತುತ್ತಿರುವಾಗ ಬಾಗಿಲು ತೆರೆಯಲಾಗದು. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಲೋಹದಿಂದ ಹೊಡೆಯಬೇಕು. ಪಕ್ಕದ ಗಾಜು ಸಾಮಾನ್ಯವಾಗಿ ಪುಡಿಯಾಗುವಂಥದು, ಮುಂದಿನದು ನಡುವೆ ಪ್ಲಾಸ್ಟಿಕ್ ಪದರವಿದ್ದು ಒಡೆದರೂ ದಾರಿ ಬಿಡದಂಥದು. ಸಣ್ಣ ಸುತ್ತಿಗೆಯೊಂದನ್ನು ಡ್ಯಾಶ್‌ಬೋರ್ಡಿನಲ್ಲಲ್ಲ, ಬಾಗಿಲ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಕೈಗೆ ಸಿಗುತ್ತದೆ. ಮಕ್ಕಳನ್ನು ಮೊದಲು ಹೊರಗೆ ತಳ್ಳಿ ದೊಡ್ಡವರು ಆಮೇಲೆ ಬರುವುದು.

ಅಪಘಾತವಾದಾಗ 108 ಆಂಬುಲೆನ್ಸ್, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಎಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ಗಾಡಿಯೊಂದಿಗೆ ಬಂದ ಕೆಂಪು ತ್ರಿಕೋನವನ್ನು ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ ಇಡಬೇಕು. ಒಮ್ಮೆ ಬಿಚ್ಚಿದ ಏರ್‌ಬ್ಯಾಗನ್ನು ಮಡಚಿ ಮತ್ತೆ ಕೂರಿಸಲಾಗದು. ಅದರೊಂದಿಗೆ ಸೆನ್ಸರು, ಗುದ್ದಿದ ಕ್ಷಣ ತಾನೇ ಬಿಗಿದುಕೊಂಡ ಬೆಲ್ಟಿನ ಸುರುಳಿ ಎಲ್ಲವನ್ನೂ ಹೊಸದಾಗಿ ಹಾಕಿಸಬೇಕು. ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಳ್ಳುವಾಗ ಕೀಲಿ ತಿರುಗಿಸಿ, ಏರ್‌ಬ್ಯಾಗಿನ ದೀಪ ಒಮ್ಮೆ ಹೊತ್ತಿ ಆರಿತೇ ಎಂದು ನೋಡಿದ ಮೇಲೆಯೇ ಬಿಲ್ಲು ಕಟ್ಟಬೇಕು. ಬಲ್ಬನ್ನೇ ತೆಗೆದು ದೀಪ ಹೊತ್ತದಂತೆ ಮಾಡುವ ಮೆಕ್ಯಾನಿಕ್‌ಗಳೂ ಇರುತ್ತಾರೆ.